ಕಾಡುಗುಮ್ಮನ ದನಿ

ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆಂದು ನಿಲ್ದಾಣದ ಮೈಕಿನಲ್ಲಿ ಹೇಳುವ ಹೆಂಗಸಿನ ಮುಖವನ್ನು ಯಾರಾದರೂ ನೋಡಿದ್ದುಂಟೇ? ಈ ಊರಿನ ನಿಲ್ದಾಣದಲ್ಲಿ ಆ ಕೆಲಸ ಮಾಡುತ್ತಿದ್ದ ಇವರದನ್ನೂ ಯಾರೂ ನೋಡಿರಲಿಲ್ಲ. ದನಿ ಮಾತ್ರ ಊರಿಗೆಲ್ಲ ಗೊತ್ತಿತ್ತು. ಗಂಟಲಿನ ಆಪರೇಷನ್ ಆದ ಮೇಲೆ ಅದೂ ಹೋಯಿತು. ಉಳಿದದ್ದು ಹಸಿ ಮರವನ್ನು ಗರಗಸ ಕೊಯ್ದಂಥ ಸದ್ದು. ಮೇಲಿನವರು ದೊಡ್ಡ ಮನಸ್ಸು ಮಾಡಿ ಅವರನ್ನು ಕಳೆದುಹೋದ ಸಾಮಾನುಗಳ ಕೋಣೆಗೆ ಹಾಕಿದರು. ಕೊಡೆ, ಟಿಫಿನ್ ಡಬ್ಬಿ, ಒಂಟಿ ಚಪ್ಪಲಿಗಳ ಜೊತೆ ಮಾತಾಡುವ ಪ್ರಮೇಯ ಬರುವುದಿಲ್ಲವಲ್ಲ.

ಗಂಡ ತೀರಿಹೋಗಿದ್ದರು. ಮಗಳು ಸಂಸಾರ ಸಮೇತ ದೂರದಲ್ಲಿದ್ದಳು. ಮೊಮ್ಮಗಳು ಫೋನಿನಲ್ಲಿ ಅಜ್ಜಿಯ ಹೊಸ ದನಿ ಕೇಳಿದ್ದೇ ಕಿಟಾರನೆ ಕಿರುಚಿ ಅಮ್ಮನ ಮಡಿಲು ಸೇರಿದ್ದಳು.

"ಅಮ್ಮಾ, ಅವಳು ಮಾತಾಡ್ತಾಳೆ, ನೀನು ಸುಮ್ನೆ ಕೇಳಿಸ್ಕೋ, ಆಯ್ತಾ?" ಎಂದಳು ಮಗಳು.

ಅಂದಿನಿಂದ ಮಗು ಶಾಲೆಯ ಸುದ್ದಿ, ಹಲ್ಲು ಬಿದ್ದ ಸುದ್ದಿ ಹೇಳುವಾಗ ಅಜ್ಜಿ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದರು. ಮಗುವಿನ ಹತ್ತಿರ ಒಂದೇ ಒಂದು ಮಾತಾಡಬೇಕು, ಅದು ಹೆದರಬಾರದು. ಆಸೆ ಅಂತ ಇದ್ದದ್ದು ಅದೊಂದೇ.

ಒಂದು ದಿನ, ಬಸ್ಸಿನಲ್ಲಿ ಚೀಲ ಮರೆತಿದ್ದವನೊಬ್ಬ ಕೋಣೆಗೆ ಬಂದ. ಸಿನಿಮಾಗಳಿಗೆ ಸೌಂಡ್ ರೆಕಾರ್ಡ್ ಮಾಡುವವನು.

"ಯಾವ ಬಣ್ಣ?" ಎಂದು ಕೇಳಿದರು.

"ಮೇಡಂ, ಇನ್ನೊಂದ್ಸಲ ಹೇಳಿ," ಎಂದ.

ಅವರಿಗೆ ಸಿಟ್ಟು ನೆತ್ತಿಗೇರಿತು. ಆದರೆ ಅವನು ಗೇಲಿ ಮಾಡುತ್ತಿರಲಿಲ್ಲ. ಕಾಡುಗುಮ್ಮನ ಮೇಲೆ ಒಂದು ಭಯಾನಕ ಸಿನಿಮಾ ತೆಗೆದಿದ್ದರು, ಗುಮ್ಮನಿಗೆ ದನಿ ಸಿಕ್ಕಿರಲಿಲ್ಲ. ತಗಡಿನ ಡ್ರಮ್ಮು ಉಜ್ಜಿದ್ದಾಯಿತು, ನಾಯಿಯನ್ನು ಕೆಣಕಿದ್ದಾಯಿತು, ನಿರ್ದೇಶಕರೇ ನೆಗಡಿ ಬರಿಸಿಕೊಂಡು ಕೂಗಿದ್ದೂ ಆಯಿತು.

ಗುಮ್ಮನಿಗೆ ನೀವೇ ದನಿ ಕೊಡಿ ಎಂದು ಅವನು ಕರೆದೊಯ್ದ ಸ್ಟುಡಿಯೋ ಎಂದರೆ ಗೋಡೆಗೆ ಹಳೇ ಹಾಸಿಗೆ ಬಡಿದ ಕೋಣೆ. ಪರದೆಯ ಮೇಲಿನ ಗುಮ್ಮನನ್ನು ಕಂಡು ಅವರಿಗೆ ನಗು ತಡೆಯಲಾಗಲಿಲ್ಲ. ಸೋಫಾದ ನಾರನ್ನೆಲ್ಲ ಮೈಗಂಟಿಸಿಕೊಂಡ ಆಸಾಮಿ. ಬೆನ್ನ ಮೇಲೆ ಜಿಪ್ಪು ಎದ್ದು ಕಾಣುತ್ತಿತ್ತು.

"ದಾರಿ ತಪ್ಪಿ ಕಾಡಿಗೆ ಬಂದೋರನ್ನ ನೀವು ಹೆದರಿಸ್ಬೇಕು," ಎಂದರು ನಿರ್ದೇಶಕರು.

ಅಭ್ಯಾಸಬಲ ಎಲ್ಲಿ ಬಿಡುತ್ತದೆ? ಮೈಕು ಮುಂದೆ ಬಂದದ್ದೇ ತಡ, ಬಸ್ಸು ಹೊರಡಿಸುವ ಗತ್ತಿನಲ್ಲಿ, ಅಕ್ಷರ ಅಕ್ಷರ ಬಿಡಿಸಿ, "ಪ್ರಯಾಣಿಕರ ಗಮನಕ್ಕೆ" ಎಂದುಬಿಟ್ಟರು.

ನಾಲಿಗೆ ಕಚ್ಚಿಕೊಂಡರು. ಯಾರೂ ನಗಲಿಲ್ಲ. ಸೌಂಡಿನವನು ತೋಳು ಉಜ್ಜಿಕೊಳ್ಳುತ್ತಿದ್ದ. "ಇದೇ ಇರ್ಲಿ. ಇನ್ನೂ ಜೋರಾಗಿ," ಎಂದರು ನಿರ್ದೇಶಕರು. ಆಪರೇಷನ್ ಆದ ಮೇಲೆ ಯಾರೂ ಅವರಿಗೆ ಜೋರಾಗಿ ಮಾತಾಡು ಎಂದಿರಲಿಲ್ಲ. ತುಂಬ ಖುಷಿಯಾಯಿತು. ಮನೆಯ ಬೀಗ ತೆಗೆದು ದೀಪ ಹಾಕಿದ ಮೇಲೆ ಹೇಳಿಕೊಳ್ಳಲು ಯಾರೂ ಇಲ್ಲದೆ ಆ ಖುಷಿಯೇ ಹೊರೆಯಾಯಿತು.

ಸಿನಿಮಾ ಬಂದಷ್ಟೇ ಬೇಗ ಹೋಯಿತು. ಜಿಪ್ಪಿನ ದೃಶ್ಯ ಮಾತ್ರ ನಗೆಪಾಟಲಾಗಿ ಎಲ್ಲರ ಫೋನುಗಳಲ್ಲೂ ಓಡಾಡಿತು. ಒಂದು ಸಂಜೆ ಮಗಳು ಫೋನ್ ಮಾಡಿದಳು.

"ಅಮ್ಮಾ, ಅದು ನೀನೇ ತಾನೆ? 'ಪ್ರಯಾಣಿಕರ ಗಮನಕ್ಕೆ' ಅಂದ ತಕ್ಷಣ ಗೊತ್ತಾಯ್ತು. ಇವಳಂತೂ ಜಿಪ್ಪು ನೋಡಿ ಬಿದ್ದು ಬಿದ್ದು ನಗ್ತಿದಾಳೆ. ಗುಮ್ಮ ಅಜ್ಜಿ ಮನೇಲೇ ಇರೋದು ಅಂದ್ಬಿಟ್ಟೆ, ಮಾತಾಡ್ಸಲೇಬೇಕಂತೆ."

ಅಷ್ಟರಲ್ಲಿ ಮಗು ಫೋನು ಕಸಿದುಕೊಂಡಿತು. "ಗುಮ್ಮಾ, ಇದೀಯಾ?"

ನಾನು ಅಜ್ಜಿ ಎನ್ನಲು ಬಾಯಿ ತೆರೆದರು. ಮತ್ತೆ ಕಿರುಚಿಬಿಟ್ಟರೆ?

"ಇದೀನಿ," ಎಂದರು.

ಆ ಕಡೆ ಕಿಲಕಿಲ ನಗು. ಅವರ ಎದೆ ತುಂಬಿ ಬಂತು.

"ಊಟ ಆಯ್ತಾ ಕಂದಾ?"

"ಆಯ್ತು. ನಮ್ಮಜ್ಜಿ ಯಾಕೆ ಮಾತೇ ಆಡಲ್ಲ? ತಿಂದ್ಬಿಟ್ಯಾ?"

"ಇಲ್ಲ ಪುಟ್ಟಿ. ಇಲ್ಲೇ ಪಕ್ಕದಲ್ಲಿ ಕೂತಿದಾರೆ."

"ಹಾಗಾದ್ರೆ ಅಜ್ಜಿಗೆ ಹೇಳು, ನಾಳೇನೂ ಫೋನು ನಿಂಗೇ ಕೊಡ್ಲಿ ಅಂತ."

ಅವರು ಕಣ್ಣೊರೆಸಿಕೊಂಡರು. "ಹೇಳ್ತೀನಿ," ಎಂದರು.