ಈ ವಾರದ್ದು ಸುಳ್ಳಲ್ಲ, ನರ್ಸಮ್ಮ ಹೋದರು

ನಂಬಲಾಗುತ್ತಿಲ್ಲ...
ಅದಿರಲಿ. ನನ್ನನ್ನೇ ಯಾರೂ ನಂಬುತ್ತಿಲ್ಲ.

ನಮ್ಮ ನರ್ಸ್ ಬಸಮ್ಮ ಇವತ್ತು ಬೆಳಿಗ್ಗೆ ತೀರಿಕೊಂಡರು.
ಒಂಬತ್ತಕ್ಕೆ ಕ್ಲಾಸಿನ ಗ್ರೂಪಿಗೆ ಹಾಕಿದೆ...

ಮಕ್ತಲ್ ವೀರಣ್ಣ ಬರೆದ: "ಸಿದ್ದಣ್ಣ, ಈ ವಾರದ ಸುಳ್ಳು ಬಾಳ ಕೆಟ್ಟೈತಿ. ತೆಗಿ ಮೊದ್ಲ."
ಗದ್ವಾಲ್ ಈರಮ್ಮ: "ಯಾರು ಹೇಳ್ಯಾರ? ಯಾವಾಗ ಹೇಳ್ಯಾರ? ಏನು ಮಾರಾಕ ಹೇಳ್ಯಾರ?"
ಕೆಳಗೆ ಇನ್ನೊಬ್ಬರದು, ಹೆಬ್ಬೆರಳಿನ ಚಿತ್ರದ ಜೊತೆ: "ಬಸಮ್ಮಕ್ಕ, ನಾ ನಂಬ್ಲಿಲ್ಲ ನೋಡ್ರಿ. ಪಾಸ್ ಅಲ್ಲೇನ್ರಿ?"

ತಪ್ಪು ಅವರದಲ್ಲ.

ತೆಲಂಗಾಣದಲ್ಲಿ ನಮ್ಮ ನಾರಾಯಣಪೇಟೆ ಹೊಸ ಜಿಲ್ಲೆಯಾದ ಮೇಲೆ, ರಿಟೈರಾದ ನರ್ಸಮ್ಮ ಪ್ರತಿ ಶನಿವಾರ ನಮ್ಮಂಥ ಮುದುಕರಿಗೆ ಕ್ಲಾಸು ಶುರು ಮಾಡಿದರು.
ಸರ್ಕಾರದ ಆರೋಗ್ಯದ ಸೈಟು ಯಾವುದು, ಮದ್ದಿನ ಪುಡಿ ಮಾರುವವರ ಸೈಟು ಯಾವುದು... ನಮ್ಮ ಬೆರಳು ಹಿಡಿದು ಒತ್ತಿಸಿ ತೋರಿಸುತ್ತಿದ್ದರು.
ಈರಮ್ಮ ಕೇಳಿದ ಆ ಮೂರು ಪ್ರಶ್ನೆ ನರ್ಸಮ್ಮ ಕಲಿಸಿದ್ದೇ.
ಬೊಗಳೆ ಸಪ್ಲೈ ಮಾತ್ರ ನನ್ನದು.

"ಮದ್ದೂರಿನ ಮದ್ದು! ಹೊಸ ಸೀರೆಯ ಸೆರಗು ನೆನೆಸಿದ ನೀರು ಕುಡಿಯಿರಿ, ಮೂರೇ ದಿನಕ್ಕೆ ಶುಗರ್ ಮಾಯ" ಅಂತ ತಮಾಷೆಗೆ ಬರೆದು ಬಿಟ್ಟಿದ್ದೆ.
ವೀರಣ್ಣ ಹೆಂಡತಿಯ ಸೀರೆ ನೆನೆಸಿಯೇಬಿಟ್ಟ. ಕುಡಿಯುವ ಹೊತ್ತಿಗೆ ಆಕೆ ಚೊಂಬು ಕಸಿದುಕೊಂಡಳು...
ನನಗೆ ಮಂಗಳಾರತಿ ಗ್ಯಾರಂಟಿ ಅಂದುಕೊಂಡೆ.
ನರ್ಸಮ್ಮ ಅಂದರು: "ಸಿದ್ದಣ್ಣ, ಇನ್ಮ್ಯಾಲ ವಾರಕ್ಕೊಂದು ಸುಳ್ಳು ಕಳ್ಸು. ಅದ ಇವ್ರಿಗೆ ಪರೀಕ್ಷಾ. ಪಾಸ್ ಫೇಲ್ ಹೇಳಾಕಿ ನಾನು."
ಅವತ್ತಿನಿಂದ ನಾನು ಅಧಿಕೃತ ಸುಳ್ಳುಗಾರ...

ಬಸಮ್ಮಕ್ಕಾ...
ಇವತ್ತು ಬೆಳಿಗ್ಗೆ ಆರಕ್ಕೆ ಫೋನ್ ಮಾಡಿದಿರಿ.
"ಎದಿ ಹಿಡದೈತಿ ಸಿದ್ದಣ್ಣ. ಬೆವರು ಇಳ್ಯಾಕತ್ತೈತಿ. ಆಂಬುಲೆನ್ಸ್ ಕರದೀನಿ, ನೀ ಜಲ್ದಿ ಬಾ."
ನಾನು ಏನಂದೆ?
ಈ ಸಲ ನನಗೇ ಪರೀಕ್ಷೆ ಇಟ್ಟಿದ್ದೀರಿ ಅಂದುಕೊಂಡು "ಯಾರು ಹೇಳ್ಯಾರ್ರಿ?" ಅಂದೆ.
ನಕ್ಕೆ.
ನೀವು ನಗಲಿಲ್ಲ.

ಆಮೇಲೆ ಓಡಿ ಬಂದೆ...
ನೀವು ನಮಗೆ ಕಲಿಸಿದ ಹಾಗೇ ಮಾಡಿದ್ದಿರಿ. ಗ್ಯಾಸು ಅಂತ ಸೋಡಾ ಕುಡಿಯಲಿಲ್ಲ. ಫೋನಿನಲ್ಲಿ ಮದ್ದು ಹುಡುಕಲಿಲ್ಲ. ಒಂದು ನಿಮಿಷವೂ ತಡ ಮಾಡಲಿಲ್ಲ.
ಆದರೂ ದೊಡ್ಡಾಸ್ಪತ್ರೆ ಮುಟ್ಟುವ ಮೊದಲೇ...
ಆಂಬುಲೆನ್ಸಿನಲ್ಲಿ ನಿಮ್ಮ ಕೈ ಹಿಡಿದುಕೊಂಡೇ ಕೂತಿದ್ದೆ. ತಣ್ಣಗಾಯಿತು.

ಗೆಳೆಯರೇ, ಉತ್ತರ ಬರೆದುಕೊಳ್ಳಿ.
ಯಾರು ಹೇಳಿದ್ದು? ನಾನು, ಸಿದ್ದಣ್ಣ. ಅವರ ಮನೆ ಪಡಸಾಲೆಯಲ್ಲಿ, ಅವರ ತಲೆಯ ಹತ್ತಿರ ಕೂತು.
ಯಾವಾಗ? ಇವತ್ತೇ, ಈಗಲೇ.
ಏನು ಮಾರಲು? ಏನೂ ಇಲ್ಲ...

ಇಷ್ಟಾದರೂ ನನ್ನನ್ನು ನಂಬಬೇಡಿ. ಅವರು ಕಲಿಸಿದ್ದೇ ಅದು. ಅವರ ಮಗಳಿಗೆ ಫೋನ್ ಹಚ್ಚಿ ಕೇಳಿ. ಆಕೆ ಅಳುತ್ತಿದ್ದಾಳೆ, ಆದರೂ ಎತ್ತುತ್ತಾಳೆ.
ಆದರೆ ಬೇಗ ಕೇಳಿ.
ಸಂಜೆ ನಾಲ್ಕಕ್ಕೆ ಮಣ್ಣು. ಆಮೇಲೆ ನಂಬಿದರೆ ಮುಖ ಸಿಗುವುದಿಲ್ಲ.

ಅಕ್ಕಾ, ನಿಮ್ಮ ಕ್ಲಾಸೆಲ್ಲ ಪಾಸು.
ಫೇಲಾದವನು ನಾನೊಬ್ಬನೇ.
ಇನ್ನು ಯಾರ ಫೋನೂ ನಿಮ್ಮನ್ನು ಎಬ್ಬಿಸದಿರಲಿ... ನೆಮ್ಮದಿಯಾಗಿ ಮಲಗಿ. ಶಿವ ನಿಮ್ಮನ್ನು ಹತ್ತಿರ ಇಟ್ಟುಕೊಳ್ಳಲಿ.