ಮಸ್ತಾನ್ ಸಾಬರ ಚಮಚ

ಬಾಶೆಟ್ಟಿಹಳ್ಳಿಯ ಜ್ಯೂಸ್ ಫ್ಯಾಕ್ಟರಿಗೆ ಮಸ್ತಾನ್ ಸಾಬರು ಬರುವಾಗ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಸ್ಟೀಲ್ ಚಮಚ ಇರುತ್ತದೆ. ಮಾವಿನ ರಸಕ್ಕೆ ಎಷ್ಟು ನೀರು ಬೆರೆಸಬೇಕೆಂದು ಈಗ ಕಂಪ್ಯೂಟರೇ ತೀರ್ಮಾನಿಸುತ್ತದೆ. ವಾಲ್ವ್ ತಾನಾಗಿ ತೆರೆದು ಮುಚ್ಚಿ, ಸಿಹಿಯ ಅಳತೆಯನ್ನು ಹದಿಮೂರಕ್ಕೆ ತಂದು ನಿಲ್ಲಿಸುತ್ತದೆ. ಆ ಅಂಕಿಯನ್ನು ಗಂಟೆಗೊಮ್ಮೆ ಪುಸ್ತಕದಲ್ಲಿ ಬರೆಯುವುದಷ್ಟೇ ಸಾಬರ ಕೆಲಸ. ಆದರೂ ಪ್ರತಿ ಟ್ಯಾಂಕಿನಿಂದ ಒಂದು ಚಮಚ ಅವರ ನಾಲಿಗೆಗೆ ಬೀಳಬೇಕು, ಅವರು ಕಣ್ಣು ಮುಚ್ಚಬೇಕು, "ಮಿಷೀನಿಗೆ ನಾಲ್ಗೆ ಎಲ್ಲೈತೆ ಗುರು? ಹ್ಞೂಂ, ಈಗ ಬಿಡಿ" ಎನ್ನಬೇಕು. ಅಲ್ಲಿಯವರೆಗೆ ಒಂದು ಬಾಟಲಿಯೂ ಕದಲುವುದಿಲ್ಲ. ನೆಂಟರ ಮದುವೆಯಲ್ಲೂ ಶರಬತ್ತಿನ ಹಂಡೆಗೆ ಮೊದಲು ಇಳಿಯುವುದು ಅದೇ ಚಮಚ. ರಂಜಾನ್ ತಿಂಗಳಲ್ಲಿ ಮಾತ್ರ, ಹಗಲೆಲ್ಲ ಉಪವಾಸವಾದ್ದರಿಂದ, ಅದು ಜೇಬಿನಿಂದ ಹೊರಗೆ ಬರುವುದಿಲ್ಲ, ಬಾಟಲಿಗಳು ಹಾಗೆಯೇ ಸಾಗುತ್ತವೆ. ಆಗ ಆ ಮಿಷೀನನ್ನು ಕೂರಿಸಿದ ಇಂಜಿನಿಯರ್ ಕೆಂಪರಾಜ್ ದಿನವೂ ಬಂದು, "ಸಾಬ್ರೇ, ನೀವು ನೋಡ್ದೆ ಯಾಕೋ ರುಚೀನೇ ಬರ್ತಿಲ್ಲ" ಎನ್ನುತ್ತಾನೆ. "ಹಬ್ಬ ಆಗ್ಲಿ ಸಾರ್, ಸರಿ ಮಾಡ್ಬಿಡ್ತೀನಿ" ಎಂದು ಸಾಬರು ಸಮಾಧಾನ ಹೇಳುತ್ತಾರೆ. ಹೇಳಿ, ಪುಸ್ತಕ ತೆರೆದು, ನಿನ್ನೆಯ ಹದಿಮೂರರ ಕೆಳಗೆ ಇವತ್ತಿನ ಹದಿಮೂರನ್ನು ನಿಧಾನವಾಗಿ ಬರೆಯುತ್ತಾರೆ.