ತೊಳೆದು ಬಂದವರನ್ನು ನಂಬದ ಅನುಮಾನದಕ್ಕ

ಬೆಳಗಿನ ಆರೂವರೆ. ಹೆಂಗಸರ ಆಸ್ಪತ್ರೆಯ ಹಿಂಬದಿಯ ಲ್ಯಾಬ್ ಕೋಣೆಯಲ್ಲಿ ಅನುಮಾನದಕ್ಕ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಾರೆ. ನಿನ್ನೆ ತಾವೇ ತೊಳೆದಿಟ್ಟವು, ಆದರೂ ನಂಬುವುದಿಲ್ಲ. ನರ್ಸುಗಳು ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಬಿಳಿಸೆರಗು, ತುರಿಕೆ, ಉರಿ ಎಂದು ಬರುವ ಹೆಂಗಸರ ಸ್ರಾವವನ್ನು ನರ್ಸಮ್ಮ ಹತ್ತಿಕಡ್ಡಿಯಲ್ಲಿ ತೆಗೆದುಕೊಡುತ್ತಾರೆ. ಅಕ್ಕ ಅದನ್ನು ಗಾಜಿಗೆ ಸವರಿ, ಒಂದು ಹನಿ ಉಪ್ಪುನೀರು ಬಿಟ್ಟು, ತಡಮಾಡದೆ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ತಣ್ಣಗಾದರೆ ಈಜಾಡುವ ರೋಗಾಣು ಸುಮ್ಮನಾಗಿ ಕಣ್ಣು ತಪ್ಪಿಸುತ್ತದೆ. ದಿನಕ್ಕೆ ಮೂವತ್ತು ಗಾಜು, ಸೋಮವಾರ ನಲವತ್ತು. ಇಪ್ಪತ್ತೆರಡು ವರ್ಷ ಬಗ್ಗಿ ಬಗ್ಗಿ ಕುತ್ತಿಗೆ ಹಿಡಿದುಕೊಂಡಿದೆ. ನೆಂಟರು ಕೇಳಿದರೆ ಯಜಮಾನರು "ರಕ್ತ ಪರೀಕ್ಷೆ ಕೆಲಸ" ಎನ್ನುತ್ತಾರಂತೆ. "ಮೂರು ಸಲ ತಿದ್ದಿದೆ. ಆಮೇಲೆ ಅವರ ಮುಖ ನೋಡಿ ಪಾಪ ಅನ್ನಿಸ್ತು," ಎಂದು ಅಕ್ಕ ನಗುತ್ತಾರೆ.

"ಅಂಗಡೀಲಿ ಕೇಳಿ ಯಾವುದೋ ಮುಲಾಮು ಹಚ್ಕೊಂಡು ಬರ್ತಾರೆ. ಯೀಸ್ಟಿಗೆ ಒಂದು ಔಷಧ, ಬ್ಯಾಕ್ಟೀರಿಯಾಕ್ಕೆ ಇನ್ನೊಂದು. ಈಜಾಡೋ ಹುಳ ಆದ್ರೆ ಗಂಡನಿಗೂ ಮಾತ್ರೆ ಬೇಕು. ನೋಡ್ದೆ ಕೊಟ್ರೆ ಹೇಗೆ?"

ಹೆಸರು, ಓಣಿ ಕೇಳಬೇಡಿ ಎಂದು ಮೊದಲೇ ಹೇಳಿ ಒಂದು ಸಂಗತಿ ಬಿಚ್ಚುತ್ತಾರೆ. ಅತ್ತೆ, ಸೊಸೆ ಬಂದಿದ್ದರು. ಮದುವೆಯಾಗಿ ಎಂಟು ತಿಂಗಳು. ಸೊಸೆಗೆ ಕೆಟ್ಟ ವಾಸನೆಯ ತೊಂದರೆ. "ಎಲ್ಲಿಂದ ತಂದಳೋ ಗೊತ್ತಾಗಲಿ. ಅಂಥದ್ದೇ ಆಗಿದ್ರೆ ತವರಿಗೆ," ಎಂದರು ಅತ್ತೆ ಬಾಗಿಲಲ್ಲೇ. ಬಂದು ಕರೆದುಕೊಂಡು ಹೋಗಲು ಹುಡುಗಿಯ ಅಣ್ಣನಿಗೆ ಫೋನೂ ಆಗಿತ್ತು.

ಗಾಜಿನಲ್ಲಿ ಏನೂ ಕಾಣಲಿಲ್ಲ.

"ನಾರ್ಮಲ್ ಅಂತ ಬರೆದ್ಬಿಡಿ, ಹುಡುಗಿ ಬಚಾವಾಗ್ತಾಳೆ," ಎಂದರು ನರ್ಸಮ್ಮ.

"ಬರೆದ್ರೆ ವಾಸನೆ ಹೋಗುತ್ತಾ? ಮಾಮೂಲಿ ಇರಬೇಕಾದ ಜೀವಕಣಗಳೂ ಇಲ್ಲ ಇದ್ರಲ್ಲಿ." ಅಕ್ಕ ಸೊಸೆಯೊಬ್ಬಳನ್ನೇ ಕರೆದರು. "ಬರೋ ಮುಂಚೆ ಏನು ಮಾಡ್ದೆ ತಾಯಿ?"

"ಗಾಯ ತೊಳೆಯೋ ಔಷಧಿ ನೀರಲ್ಲಿ ಒಳಗೆಲ್ಲ ತೊಳ್ಕೊಂಡೆ. ದಿನಾ ತೊಳ್ಕೋತೀನಿ, ಅತ್ತೆ ಹೇಳ್ಕೊಟ್ಟಿದ್ದು. ನೀವು ನೋಡ್ತೀರಿ ಅಂತ ಇವತ್ತು ಎರಡು ಸಲ."

"ಪರೀಕ್ಷೆಗೆ ಬರೋಳು ಉತ್ತರ ಅಳಿಸ್ಕೊಂಡು ಬಂದಿದೀಯಲ್ಲ."

ಒಳಗೆ ತೊಳೆಯದೆ ಮೂರು ದಿನ ಬಿಟ್ಟು ಬರಬೇಕು ಎಂದಾಗ ಅತ್ತೆಯ ಹುಬ್ಬು ಮೇಲೇರಿತು. "ಮೂರು ದಿನ ಯಾಕೆ? ನೀವೂ ಅವಳ ಕಡೆಯೋ?"

"ಯಾರ ಕಡೆಯೂ ಅಲ್ಲಮ್ಮ. ಅವಳನ್ನೂ ನಂಬಿಲ್ಲ, ನಿಮ್ಮನ್ನೂ ನಂಬಿಲ್ಲ."

ನಾಲ್ಕನೆಯ ದಿನ ಗಾಜಿನ ತುಂಬ ಮರಳು ಮೆತ್ತಿದಂಥ ಜೀವಕಣಗಳು. ಮೆತ್ತಿದ್ದು ಬ್ಯಾಕ್ಟೀರಿಯಾ. ಡಾಕ್ಟರಮ್ಮ ಏಳು ದಿನದ ಮಾತ್ರೆ ಬರೆದರು. "ಅತ್ತೆಗೂ ನೀವೇ ಹೇಳಿ, ನನ್ನ ಮಾತು ನಂಬಲ್ಲ," ಎಂದು ಸೊಸೆಯೇ ಕೇಳಿಕೊಂಡಳು. ಡಾಕ್ಟರಮ್ಮ ಅತ್ತೆಯನ್ನು ಕೂರಿಸಿ ಹೇಳಿದರು: ಒಳಗಿನ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗಿ ಬೇರೆಯವು ಹೆಚ್ಚಿವೆ. ಔಷಧಿ ನೀರಿನಲ್ಲಿ ತೊಳೆಯುವುದೇ ಅದಕ್ಕೆ ದಾರಿ ಮಾಡಿಕೊಡುತ್ತದೆ. ಇದನ್ನು ಹಿಡಿದು ಯಾರ ನಡತೆಯನ್ನೂ ಅಳೆಯಲಾಗದು.

ಅತ್ತೆ ಎದ್ದರು. ಹೊರಗೆ ಹೋಗಿ ಹುಡುಗಿಯ ಅಣ್ಣನಿಗೆ ಫೋನ್ ಹಚ್ಚಿದರು. "ಬರೋದು ಬೇಡಪ್ಪ. ಅವಳು ಇಲ್ಲೇ ಇರ್ತಾಳೆ."

ಮುಂದಿನ ಸೋಮವಾರ ಅದೇ ಅತ್ತೆ ಒಬ್ಬರೇ ಬಂದು, ಸಾಲಿನ ಕೊನೆಯಲ್ಲಿ ಕೂತು, ಎಲ್ಲರೂ ಹೋದ ಮೇಲೆ ಅಕ್ಕನ ಹತ್ತಿರ ಬಾಗಿದರು. "ನನಗೂ ನೋಡ್ತೀರಾ? ಇಪ್ಪತ್ತು ವರ್ಷದಿಂದ ತೊಳೀತಾ ಇದೀನಿ. ಮೂರು ದಿನದಿಂದ ಬಿಟ್ಟಿದೀನಿ."

"ಕೇಳಿದ ತಕ್ಷಣ ನಂಬಿದ್ದು ಅದೊಂದೇ ಮಾತು," ಎನ್ನುತ್ತಾರೆ ಅನುಮಾನದಕ್ಕ. ಒಂದು ಗಾಜನ್ನು ಬೆಳಕಿಗೆ ಹಿಡಿದು, "ಆದ್ರೂ ಗಾಜು ನೋಡಿದೆ."